'ಅವರ ಕಲ್ಚರ್ರೇ ಹಂಗೆ' ಅಂತ ಕೇಸ್ ಫೈಲಲ್ಲಿ ಬರೆಯೋದು ಎಷ್ಟು ಸರಿ? ವಲಸೆ, ಗುರುತು, ಸೋಶಿಯಲ್ ವರ್ಕ್ ಬಗ್ಗೆ ಚರ್ಚೆ

ಹೊಸಹೆಜ್ಜೆ:
ಎಲ್ಲರಿಗೂ ನಮಸ್ಕಾರ. ನಾನು ಎಂಎಸ್‌ಡಬ್ಲ್ಯೂ (ಸೋಶಿಯಲ್ ವರ್ಕಲ್ಲಿ ಸ್ನಾತಕೋತ್ತರ ಪದವಿ) ಓದ್ತಿದೀನಿ. ಈ ಸೆಮಿಸ್ಟರ್‌ನಲ್ಲಿ ಬಹುಸಂಸ್ಕೃತಿ, ವಲಸೆ, ಜನಾಂಗೀಯ ಗುರುತು ಅಂತ ಒಂದು ಪೇಪರ್ ಇದೆ. ಥಿಯರಿ ಎಲ್ಲ ಬಾಯಿಪಾಠ ಆಗಿದೆ, ವಲಸಿಗರು ಹೊಸ ಸಮಾಜಕ್ಕೆ ಹೊಂದ್ಕೊಳ್ಳೋ ಬಗ್ಗೆ ಬೆರ್ರಿದು ನಾಲ್ಕು ಬಾಕ್ಸು, ಗುರುತು ಬೆಳೆಯೋ ಬಗ್ಗೆ ಫಿನ್ನಿದು ಮೂರು ಹಂತ, ಬರೆದು ಪಾಸಾಗ್ಬಹುದು. ಆದ್ರೆ ವಲಸೆ ಬಂದಿರೋ ಒಂದು ಕುಟುಂಬ ಎದುರಿಗೆ ಬಂದು ಕೂತಾಗ ಇದನ್ನ ಇಟ್ಕೊಂಡು ಏನ್ ಮಾಡ್ಬೇಕು ಅನ್ನೋದೇ ಗೊತ್ತಾಗ್ತಿಲ್ಲ. ಕ್ಲಾಸಲ್ಲಿ ಎರಡು ಪಾರ್ಟಿ ಆಗಿದೆ. ಒಂದು ಪಾರ್ಟಿಯವರು ಪ್ರತಿ ಸಮುದಾಯದ ರೀತಿ ನೀತಿ ಓದ್ಕೊಂಡೇ ಹೋಗ್ಬೇಕು, ಇಲ್ದಿದ್ರೆ ಕೆಲಸ ಮಾಡಕ್ಕೇ ಆಗಲ್ಲ ಅಂತಾರೆ, ಇನ್ನೊಂದು ಪಾರ್ಟಿಯವರು ಅದೆಲ್ಲ ಬೇಡ, ಮನುಷ್ಯರೆಲ್ಲ ಒಂದೇ, ಎಲ್ಲರಿಗೂ ಒಂದೇ ರೂಲ್ಸು ಅಂತಾರೆ. ಎರಡೂ ಕೇಳೋಕೆ ಸರಿ ಅನ್ಸುತ್ತೆ. ಫೀಲ್ಡಲ್ಲಿರೋರು ಯಾರಾದ್ರೂ ಹೇಳಿ ಪ್ಲೀಸ್.

ನೇರಮಾತು:
ಎರಡನೇ ಪಾರ್ಟಿಗೆ ನನ್ನ ವೋಟು. ಸಂಸ್ಕೃತಿ ಸಂಸ್ಕೃತಿ ಅಂತ ಹೇಳ್ಕೊಂಡೇ ಜನಾನ ಬೇರೆ ಬೇರೆ ಮಾಡೋದು. ಹಸಿವು ಎಲ್ಲರಿಗೂ ಒಂದೇ, ಏಟು ಬಿದ್ರೆ ನೋವೂ ಒಂದೇ. ಕಾನೂನು ಒಂದು, ಫಾರ್ಮ್ ಒಂದು, ಕ್ಯೂ ಒಂದು. ಮುಗೀತು.

ಹಳೇಫೈಲು:
@ಹೊಸಹೆಜ್ಜೆ ನಿಮ್ಮ ಕ್ಲಾಸಿನ ಎರಡೂ ಪಾರ್ಟಿಗೂ ಒಂದೊಂದು ಉದಾಹರಣೆ ಕೊಡ್ತೀನಿ, ಎರಡೂ ದಾಖಲೆಯಲ್ಲಿ ಇರೋವು.

ಮೊದಲನೇದು ವಿಕ್ಟೋರಿಯಾ ಕ್ಲಿಂಬಿಯೆ. ಐವರಿ ಕೋಸ್ಟಲ್ಲಿ ಹುಟ್ಟಿದ ಮಗು, ಚೆನ್ನಾಗಿ ಓದ್ಲಿ ಅಂತ ಅಪ್ಪ ಅಮ್ಮ ಸಂಬಂಧಿಕಳೊಬ್ಬಳ ಜೊತೆ ಯುರೋಪಿಗೆ ಕಳಿಸಿದ್ರು. 1999ರಲ್ಲಿ ಫ್ರಾನ್ಸಿಂದ ಲಂಡನ್ನಿಗೆ ಬಂದ್ಲು, 2000ದ ಫೆಬ್ರವರಿಲಿ ಎಂಟು ವರ್ಷಕ್ಕೇ ತೀರ್ಕೊಂಡ್ಲು. ಆ ಸಂಬಂಧಿಕಳೂ ಅವಳ ಜೊತೆ ಇದ್ದ ಗಂಡಸೂ ಸೇರಿ ಹಿಂಸೆ ಕೊಟ್ಟು ಕೊಂದಿದ್ದು, ಮೈಮೇಲೆ 128 ಗಾಯ ಇದ್ವು. ಹಾಗಂತ ಮಗು ಯಾರ ಕಣ್ಣಿಗೂ ಬೀಳದೆ ಇರ್ಲಿಲ್ಲ, ಸೋಶಿಯಲ್ ಸರ್ವಿಸಸ್, ಪೊಲೀಸ್, ಆಸ್ಪತ್ರೆ ಎಲ್ಲಾ ಕಡೆ ಅವಳ ಹೆಸರು ದಾಖಲಾಗಿತ್ತು. 2003ರಲ್ಲಿ ಲಾರ್ಡ್ ಲೇಮಿಂಗ್ ತನಿಖಾ ವರದಿ ಬಂತಲ್ಲ, ಅದರಲ್ಲಿ ಒಂದು ವಿಷಯ ಇದೆ ನೋಡಿ, ಆ ಮಗು ದೊಡ್ಡವರ ಎದುರು ಸಿಪಾಯಿ ಥರ ಸೆಟೆದು ನಿಂತ್ಕೊಳ್ತಿದ್ಲು ಅಂತ ಗೊತ್ತಾದಾಗ ಕೇಸ್ ನೋಡ್ತಿದ್ದ ಸೋಶಿಯಲ್ ವರ್ಕರ್‌ಗೆ ಅದು ಭಯ ಅಂತ ಅನ್ನಿಸ್ಲೇ ಇಲ್ಲ, ಆಫ್ರೋ ಕೆರಿಬಿಯನ್ ಮನೆಗಳಲ್ಲಿ ಗೌರವ, ವಿಧೇಯತೆ ಜಾಸ್ತಿ, ಅದಕ್ಕೇ ಹಂಗೆ ಅಂದ್ಕೊಂಡ್ರು. (ಮಗು ಪಶ್ಚಿಮ ಆಫ್ರಿಕಾದ್ದು, ಕೆರಿಬಿಯನ್ ಎಲ್ಲಿಂದ ಬಂತೋ ದೇವರಿಗೇ ಗೊತ್ತು.) ನಮ್ಮನೇಲಿ ಅವಳು ಯಾವತ್ತೂ ಹಂಗೆ ನಿಂತವಳಲ್ಲ ಅಂತ ಹೆತ್ತವರು ಹೇಳಿದ್ರು. ಆಫ್ರಿಕಾದಲ್ಲಿ ಬೆಳೆದ ಮಕ್ಕಳ ಮೈಮೇಲೆ ಕಲೆ ಜಾಸ್ತಿ ಇರ್ತವೆ ಅನ್ನೋ ಮಾತೂ ಆ ವಿಚಾರಣೆಲಿ ಬಂತು.

ಎರಡನೇದು ಇದರ ಉಲ್ಟಾ. ಅಮೆರಿಕದ ಮೂಲನಿವಾಸಿ ಕುಟುಂಬಗಳಲ್ಲಿ ಮಗು ಅಜ್ಜಿ ಮನೇಲೋ ದೊಡ್ಡಮ್ಮನ ಮನೇಲೋ ತಿಂಗಳುಗಟ್ಟಲೆ ಬೆಳೆಯೋದು ಮಾಮೂಲಿ. ಹೊರಗಿಂದ ಬಂದ ವರ್ಕರುಗಳು ಅದನ್ನ ನಿರ್ಲಕ್ಷ್ಯ ಅಂತ ಬರೆದ್ರು, ತಾಯಿ ಮಗೂನ ಬಿಟ್ಟು ಹೋಗಿದಾಳೆ ಅಂತ ರಿಪೋರ್ಟ್ ಹಾಕಿದ್ರು. 1970ರ ದಶಕದಲ್ಲಿ ಅಲ್ಲಿನ ಕಾಂಗ್ರೆಸ್ ಮುಂದೆ ಬಂದ ಅಂಕಿ ಪ್ರಕಾರ ನೂರಕ್ಕೆ 25ರಿಂದ 35ರಷ್ಟು ಮಕ್ಕಳನ್ನ ಮನೆಯಿಂದ ಬೇರೆ ಮಾಡಿಬಿಟ್ಟಿದ್ರು. ಆಮೇಲೆ ಇದನ್ನ ತಡೆಯೋಕೆ 1978ರಲ್ಲಿ ಇಂಡಿಯನ್ ಚೈಲ್ಡ್ ವೆಲ್ಫೇರ್ ಆಕ್ಟ್ (ಇಲ್ಲಿ ಇಂಡಿಯನ್ ಅಂದ್ರೆ ಅಲ್ಲಿನ ಮೂಲನಿವಾಸಿ) ಬಂತು. ಇಲ್ಲಿ ನೇರಮಾತು ಅವರು ಹೇಳೋ ಹಾಗೆ ಎಲ್ಲರಿಗೂ ಒಂದೇ ಅಳತೆ ಇತ್ತು ಸ್ವಾಮಿ. ಅಳತೆಗೋಲು ಯಾರ ಮನೇದು ಅನ್ನೋದೇ ತಕರಾರು.

ಮೊದಲನೇ ಕೇಸಲ್ಲಿ ಹಿಂಸೆಗೆ ಸಂಸ್ಕೃತಿ ಅಂತ ಹೆಸರು ಕೊಟ್ರು, ಎರಡನೇದ್ರಲ್ಲಿ ಸಂಸ್ಕೃತಿಗೆ ಹಿಂಸೆ ಅಂತ ಹೆಸರು ಕೊಟ್ರು. ಎರಡರಲ್ಲೂ ವರ್ಕರ್‌ಗೆ ಉತ್ತರ ಮೊದಲೇ ಗೊತ್ತಿತ್ತು, ಎದುರಿಗಿದ್ದೋರನ್ನ ಯಾರೂ ನೆಟ್ಟಗೆ ಕೇಳ್ಲಿಲ್ಲ. ಲೇಮಿಂಗ್ ಶಿಫಾರಸುಗಳಲ್ಲಿ ಒಂದು ಇಷ್ಟೇ: ಮಗುವಿನ ಮೊದಲ ಭಾಷೆ ಇಂಗ್ಲಿಷ್ ಅಲ್ದೇ ಇದ್ರೆ, ಅದರ ಸುರಕ್ಷತೆಗೋಸ್ಕರ ಮಾತಾಡ್ಬೇಕಾದಾಗ ಇಂಟರ್‌ಪ್ರಿಟರ್ ಇರಲೇಬೇಕು. ಇದನ್ನ ಒಬ್ಬರು ಬರೆದು ಹೇಳಬೇಕಾಯ್ತಲ್ಲ!

ಕಾಡುಹೂವು:
ಸರ್ ಒಂದು ತಕರಾರು. ಮೂಲನಿವಾಸಿಗಳನ್ನ ವಲಸಿಗರ ಚರ್ಚೆಗೆ ಸೇರಿಸಬೇಡಿ. ಅವರು ಎಲ್ಲಿಂದಲೂ ಬಂದೋರಲ್ಲ, ಅವರ ಮೇಲೆ ಬೇರೆಯವರು ಬಂದು ಕೂತಿದ್ದು. ಕೆನಡಾ 1971ರಲ್ಲಿ ಬಹುಸಂಸ್ಕೃತಿ ನೀತಿ ಘೋಷಿಸ್ತು, 1988ರಲ್ಲಿ ಕಾಯಿದೆ ಮಾಡ್ತು, ಸರಿ, ಒಳ್ಳೇದೇ. ಆದ್ರೆ 1960ರ ದಶಕದಿಂದಲೂ ಅದೇ ದೇಶದಲ್ಲಿ ಮೂಲನಿವಾಸಿ ಮಕ್ಕಳನ್ನ ಎತ್ಕೊಂಡೋಗಿ ಬೇರೆ ಮನೆಗಳಿಗೆ ದತ್ತು ಕೊಡ್ತಿದ್ರು, ಸಿಕ್ಸ್ಟೀಸ್ ಸ್ಕೂಪ್ ಅಂತಾನೇ ಅದಕ್ಕೆ ಹೆಸರು. ಆ ಕೆಲಸ ಮಾಡಿದ್ದು ಯಾರು ಅಂದ್ರೆ ಸೋಶಿಯಲ್ ವರ್ಕರ್‌ಗಳೇ. ಕೆನಡಾದ ರಾಜಕೀಯ ಚಿಂತಕ ವಿಲ್ ಕಿಮ್ಲಿಕಾ ಈ ವ್ಯತ್ಯಾಸ ಚೆನ್ನಾಗಿ ಬಿಡಿಸಿದಾರೆ, ವಲಸೆ ಬಂದೋರು ಕೇಳೋದು ಸಾಮಾನ್ಯವಾಗಿ ಇರೋ ವ್ಯವಸ್ಥೆಯೊಳಗೆ ಮರ್ಯಾದೆಯ ಜಾಗ, ಮೂಲನಿವಾಸಿಗಳು ಕೇಳೋದು ತಮ್ಮನ್ನ ತಾವೇ ಆಳ್ಕೊಳ್ಳೋ ಹಕ್ಕು. ಎರಡನ್ನೂ ಒಂದೇ ಚಾಪ್ಟರ್‌ಗೆ ತುರುಕಿ ವೈವಿಧ್ಯ ಅಂತ ಟೈಟಲ್ ಕೊಡೋದು ನಂಗೆ ಇಷ್ಟ ಆಗಲ್ಲ.

ಹಳೇಫೈಲು:
ಮೇಡಂ ಒಪ್ದೆ. ಆಸ್ಟ್ರೇಲಿಯಾದ್ದೂ ಅದೇ ಕಥೆ, 2008ರ ಫೆಬ್ರವರಿ 13ಕ್ಕೆ ಪ್ರಧಾನಿ ಕೆವಿನ್ ರಡ್ ಸಂಸತ್ತಲ್ಲಿ ಕ್ಷಮೆ ಕೇಳಿದ್ರು. ನಾನು ಉದಾಹರಣೆ ಕೊಟ್ಟಿದ್ದು ವರ್ಕರ್ ಕಣ್ಣಿನ ಬಗ್ಗೆ, ಹಕ್ಕಿನ ವಿಷಯ ನೀವು ಹೇಳ್ದಂಗೆ ಪೂರ್ತಿ ಬೇರೇನೇ.

ನೇರಮಾತು:
ಸರಿ ಎರಡನೇ ಕೇಸು ಒಪ್ಕೊಂಡೆ ಅಂತಾನೇ ಇಟ್ಕೊಳ್ಳಿ. ಆದ್ರೂ ಹೆಂಡತಿಗೆ ಹೊಡಿಯೋದು ಅವರ ಕಲ್ಚರ್ ಅಂತ ಸುಮ್ನಿರ್ಬೇಕಾ? ಎಷ್ಟೋ ವಲಸೆ ಕುಟುಂಬದ ಹೆಂಗಸರು ಏಟು ತಿಂದ್ರೂ ಮನೆ ಬಿಟ್ಟು ಬರಲ್ಲ, ಸಂಪ್ರದಾಯ ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿರುತ್ತೆ.

ಇಳಾ_ವಕೀಲೆ:
@ನೇರಮಾತು ನಿಮ್ಮ ಈ ಕೊನೇ ವಾಕ್ಯ ಇದೆಯಲ್ಲ, ಇದೇ ನೋಡಿ ಪ್ರಾಬ್ಲಮ್ಮು. ಸಂಪ್ರದಾಯಾನೇ ಅಂತ ನಿಮಗೆ ಹೆಂಗೆ ಗೊತ್ತು? ಆ ಹೆಂಗಸು ಆ ದೇಶದಲ್ಲಿ ಇರೋದೇ ಗಂಡನ ವೀಸಾ ಮೇಲೆ ಆಗಿದ್ರೆ? ಬಿಟ್ಟು ಬಂದ ದಿನಾನೇ ಅವಳ ಇರುವಿಕೆ ಕಾನೂನುಬಾಹಿರ ಆಗೋದಾದ್ರೆ? ಮಕ್ಕಳು ಅಲ್ಲೇ ಉಳಿದು ತಾನೊಬ್ಬಳೇ ವಾಪಸ್ ಹೋಗ್ಬೇಕಾದ್ರೆ? ಪಾಸ್‌ಪೋರ್ಟ್ ಅತ್ತೆ ಬೀರುವಲ್ಲಿ ಇದ್ರೆ? ಕೆಲಸ ಮಾಡೋ ಪರ್ಮಿಶನ್ನೇ ಇಲ್ದಿದ್ರೆ ಎಲ್ಲಿಗೆ ಬರ್ತಾಳೆ ಅವಳು? ಅಮೆರಿಕದಲ್ಲಿ 1994ರ ಹೆಣ್ಣುಮಕ್ಕಳ ಮೇಲಿನ ಹಿಂಸೆ ವಿರುದ್ಧದ ಕಾಯಿದೆಲಿ ಇದಕ್ಕೆ ಅಂತಾನೇ ದಾರಿ ಮಾಡಿದ್ರು, ಪ್ರಜೆ ಅಥವಾ ಗ್ರೀನ್‌ಕಾರ್ಡ್ ಇರೋ ಗಂಡ ಹಿಂಸೆ ಕೊಟ್ರೆ ಅವನ ಸಹಿ ಇಲ್ದೆ, ಅವನಿಗೆ ಗೊತ್ತೇ ಆಗ್ದೆ ಅಲ್ಲೇ ಉಳಿಯೋಕೆ ಅವಳೇ ಅರ್ಜಿ ಹಾಕ್ಬಹುದು. ಇದು ಬರೀ ಸಂಪ್ರದಾಯದ ಸಮಸ್ಯೆ ಆಗಿದ್ರೆ ಇಮಿಗ್ರೇಶನ್ ಕಾನೂನು ತಿದ್ದೋ ಅಗತ್ಯ ಎಲ್ಲಿತ್ತು?

ನಾನು ನೋಡಿರೋ ಪ್ರಕಾರ ಫೈಲಲ್ಲಿ ಸಂಸ್ಕೃತಿ ಅಂತ ಬರೆದಿರೋದ್ರಲ್ಲಿ ದೊಡ್ಡ ಪಾಲು ಕಾಗದಪತ್ರದ ಸಮಸ್ಯೆ, ಬಾಡಿಗೆ ಸಮಸ್ಯೆ, ಶಿಫ್ಟ್ ಡ್ಯೂಟಿ ಸಮಸ್ಯೆ. ಅಪ್ಪ ಶಾಲೆ ಮೀಟಿಂಗಿಗೆ ಬರಲ್ಲ ಅಂದ್ರೆ ಅವರಲ್ಲಿ ಓದಿಗೆ ಬೆಲೆ ಇಲ್ಲ ಅಂತ ಬರೀತಾರೆ, ಆ ಮನುಷ್ಯ ರಾತ್ರಿ ಪಾಳಿ ಮುಗಿಸಿ ಮಲಗಿರ್ತಾನೆ. ಒಂದೇ ದೇಶದೊಳಗೆ ವಲಸೆ ಹೋದೋರಿಗೂ ಹಿಂಗೇ, ಅಲ್ಲಿ ವೀಸಾ ಬೇಡ ಆದ್ರೆ ವಿಳಾಸದ ಪುರಾವೆ ಬೇಕು, ಅದು ಇಲ್ದೆ ಅರ್ಧ ಸವಲತ್ತು ಸಿಗಲ್ಲ, ಆಮೇಲೆ ಈ ಜನ ಸರ್ಕಾರಿ ಆಫೀಸ್ ಹತ್ರಾನೇ ಬರಲ್ಲ, ಹಿಂದುಳಿದೋರು ಅಂತ ಷರಾ. ಮೊದಲು ಕಾಗದ ನೋಡಿ, ಸಂಬಳ ನೋಡಿ, ಮನೆ ನೋಡಿ. ಆಮೇಲೂ ಏನಾದ್ರೂ ಉಳಿದ್ರೆ ಸಂಸ್ಕೃತಿ ಬಗ್ಗೆ ಮಾತಾಡೋಣ.

ಕಾಡುಹೂವು:
ಮೊದಲ ಪ್ಯಾರಾಗೆ ಪೂರ್ತಿ ಸಹಮತ. ಕೊನೇ ವಾಕ್ಯ ಸ್ವಲ್ಪ ಜಾಸ್ತಿ ಆಯ್ತು ಇಳಾ ಮೇಡಂ. ಸಂಸ್ಕೃತಿ ಅನ್ನೋದು ಲೆಕ್ಕ ಎಲ್ಲ ಮುಗಿದ್ಮೇಲೆ ಉಳಿಯೋ ಶೇಷ ಅಲ್ಲ. ದುಃಖ ಹೆಂಗೆ ಹೇಳ್ಕೊಳ್ತಾರೆ, ಯಾರ ಮುಂದೆ ಹೇಳ್ಕೊಳ್ತಾರೆ, ಸಹಾಯ ಕೇಳೋದು ಅವಮಾನ ಅನ್ಸುತ್ತಾ, ಇದೆಲ್ಲ ಮೊದಲ ನಿಮಿಷದಿಂದಲೇ ಇರುತ್ತೆ.

ಇಳಾ_ವಕೀಲೆ:
ಇರ್ಲಿ, ವಕೀಲರ ಬಾಯಿ, ಸ್ವಲ್ಪ ಜೋರೇ 😀 ಆದ್ರೆ ಮೊದಲು ಕಾಗದ ನೋಡಿ ಅನ್ನೋದನ್ನ ವಾಪಸ್ ತಗೊಳಲ್ಲ.

ಅರ್ಧಓದು:
ಥಿಯರಿ ಬಗ್ಗೆ ಯಾರೂ ಮಾತಾಡ್ತಿಲ್ಲ ಅಂತ ಬರೀತಿದೀನಿ. ಜಾನ್ ಬೆರ್ರಿ ಮಾಡೆಲ್ ಪಾಪ ಅಷ್ಟು ಕೆಟ್ಟದಲ್ಲ, ಪಾಠ ಮಾಡೋ ರೀತಿ ಕೆಟ್ಟದು. ಅವರು ಕೇಳೋದು ಎರಡೇ ಪ್ರಶ್ನೆ, ಹಳೇ ಸಂಸ್ಕೃತಿ ಉಳಿಸ್ಕೊಳ್ಬೇಕು ಅನ್ಸುತ್ತಾ, ಹೊಸ ಸಮಾಜದ ಜೊತೆ ಬೆರೀಬೇಕು ಅನ್ಸುತ್ತಾ. ಎರಡಕ್ಕೂ ಹೌದು ಅಂದ್ರೆ ಇಂಟಿಗ್ರೇಶನ್, ಹಳೇದು ಬೇಡ ಹೊಸದು ಬೇಕು ಅಂದ್ರೆ ಅಸಿಮಿಲೇಶನ್, ಹಳೇದೇ ಸಾಕು ಅಂದ್ರೆ ಸೆಪರೇಶನ್, ಎರಡೂ ಕೈತಪ್ಪಿದ್ರೆ ಮಾರ್ಜಿನಲೈಸೇಶನ್. ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ, ಪರೀಕ್ಷೇಲೂ ಇಷ್ಟೇ ಕೇಳ್ತಾರೆ. ಆದ್ರೆ ಬೆರ್ರಿ ಅದರ ಇನ್ನೊಂದು ಮುಖಾನೂ ಬರೆದಿದಾರೆ, ಬಂದೋರು ಏನ್ ಬಯಸಿದ್ರೂ ಇರೋ ಸಮಾಜ ಏನ್ ಬಿಡುತ್ತೆ ಅನ್ನೋದು. ಸಮಾಜ ಬಾಗಿಲು ಹಾಕಿದ್ರೆ ನೀವು ಇಂಟಿಗ್ರೇಟ್ ಆಗ್ತೀನಿ ಅಂತ ಎಷ್ಟು ಕುಣಿದ್ರೂ ಆಗಲ್ಲ. ಸೆಪರೇಶನ್ ಬಾಕ್ಸಲ್ಲಿ ಇರೋ ಕುಟುಂಬ ನೋಡಿದ ತಕ್ಷಣ ಅವರು ಬೆರೆಯೋಕೆ ತಯಾರಿಲ್ಲ ಅನ್ನೋಕೆ ಮುಂಚೆ ಅವರಿಗೆ ಬಾಡಿಗೆ ಮನೆ ಯಾವ ಏರಿಯಾದಲ್ಲಿ ಕೊಟ್ರು ಅಂತ ಕೇಳ್ಬೇಕು.

ಇನ್ನೊಂದು, ಒಬ್ಬನೇ ಮನುಷ್ಯ ನಾಲ್ಕು ಬಾಕ್ಸಲ್ಲೂ ಓಡಾಡ್ತಿರ್ತಾನೆ. ಕೆಲಸದ ಜಾಗದಲ್ಲಿ ಒಂದು ಥರ, ಮಗಳ ಮದುವೆ ಮಾತು ಬಂದಾಗ ಇನ್ನೊಂದು ಥರ. ಅವನನ್ನ ಹಿಡಿದು ಒಂದು ಬಾಕ್ಸಲ್ಲಿ ಕೂರಿಸಿದ್ರೆ ಎದ್ದು ಹೋಗ್ತಾನೆ ಅಷ್ಟೇ.

ಜನಾಂಗೀಯ ಗುರುತಿನ ವಿಷಯಕ್ಕೆ ಬಂದ್ರೆ ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್ 1969ರಲ್ಲಿ ಹೇಳಿದ್ದು ಈಗಲೂ ಕೆಲಸಕ್ಕೆ ಬರುತ್ತೆ. ಒಂದು ಗುಂಪನ್ನ ಗುಂಪು ಮಾಡೋದು ಒಳಗಿರೋ ಉಡುಗೆ ತೊಡುಗೆ ಅಲ್ಲ, ನಾವು, ಅವರು ಅನ್ನೋ ಗೆರೆ. ಒಳಗಿನ ಸಾಮಾನೆಲ್ಲ ಬದಲಾದ್ರೂ ಗೆರೆ ಹಂಗೇ ಉಳೀಬಹುದು. ಅದಕ್ಕೇ ಭಾಷೆ ಮರೆತ ಮೂರನೇ ತಲೆಮಾರಿನ ಹುಡುಗನೂ ನಾನು ಇಂಥವನು ಅಂತ ಎದೆ ತಟ್ಕೊಳ್ಳೋದು, ಅದರಲ್ಲೂ ಯಾರಾದ್ರೂ ನೀನು ನಮ್ಮವನಲ್ಲ ಅಂತ ಹೇಳಿದ ಮಾರನೇ ದಿನದಿಂದ. ಜೀನ್ ಫಿನ್ನಿ ಹೇಳೋ ಮೂರು ಹಂತಾನೂ ಹಿಂಗೇ ಓದ್ಕೊಂಡ್ರೆ ಜೀವ ಬರುತ್ತೆ, ಮೊದಲು ಯೋಚನೇನೇ ಮಾಡಿರಲ್ಲ, ಆಮೇಲೆ ಹುಡುಕಾಟ, ಆಮೇಲೆ ಒಂದು ನೆಲೆ. ನಡುವಿನ ಹುಡುಕಾಟದಲ್ಲಿರೋ ಹದಿನಾರು ವರ್ಷದ ಹುಡುಗಿ ಸಿಡುಕ್ತಾಳೆ, ಒಂದು ದಿನ ಅಮ್ಮನ ಭಾಷೆ ಬೇಡ ಅಂತಾಳೆ, ಇನ್ನೊಂದು ದಿನ ಅಮ್ಮನಿಗಿಂತ ಜಾಸ್ತಿ ಸಂಪ್ರದಾಯಸ್ಥೆ ಆಗ್ತಾಳೆ. ಅದನ್ನ ವರ್ತನೆ ಸಮಸ್ಯೆ ಅಂತ ಬರೆದು ಕೌನ್ಸೆಲಿಂಗಿಗೆ ಕಳಿಸೋರು ಬೇಕಾದಷ್ಟು ಜನ ಇದಾರೆ.

ಗಂಗವ್ವನ_ಮೊಮ್ಮಗ:
ಮಕ್ಕಳ ಸುದ್ದಿ ಬಂತಂತ ನಾನೂ ಒಂದ್ ಮಾತ ಹೇಳ್ತೀನ್ರಿ. ವಲಸಿ ಬಂದ ಮನ್ಯಾಗ ಮೊದಲ ಭಾಷಾ ಕಲಿಯೋರು ಮಕ್ಕಳು. ಸಾಲಿಗೆ ಹೋಗ್ತಾವು, ಆರು ತಿಂಗಳದಾಗ ಪಟಪಟ ಮಾತಾಡ್ತಾವು, ಅಪ್ಪಗ ಇನ್ನೂ ಬಸ್ ನಂಬರ್ ಓದಾಕ ಬರಂಗಿಲ್ಲ. ಬ್ಯಾಂಕಿಗೆ ಹೋದ್ರೂ ಮಗಾನ ಮಾತಾಡಬೇಕು, ದವಾಖಾನಿಗೆ ಹೋದ್ರೂ ಮಗಳ ಮಾತಾಡಬೇಕು. ಮನ್ಯಾಗಿನ ಹಿರೇತನಾನ ತಿರುವುಮುರುವು ಆಗಿಬಿಡ್ತದ ನೋಡ್ರಿ. ಅಪ್ಪ ಸಿಟ್ಟು ಮಾಡ್ತಾನ, ಮಕ್ಕಳಿಗೆ ಅಪ್ಪನ್ನ ಕಂಡ್ರ ನಾಚಿಕಿ. ಇದು ಇವತ್ತಿನ ಮಾತಲ್ಲ ಮತ್ತ. ಜೇನ್ ಆಡಮ್ಸ್ ಅನ್ನೋ ತಾಯಿ 1889ರಾಗ ಶಿಕಾಗೋದಾಗ ಹಲ್ ಹೌಸ್ ಅನ್ನೋ ಸೇವಾ ಕೇಂದ್ರ ಶುರು ಮಾಡಿದ್ಲಲ್ಲ, ಸುತ್ತಲೂ ಇಟಲಿ ಕಡಿಂದ, ಪೂರ್ವ ಯುರೋಪ್ ಕಡಿಂದ ಬಂದ ಕೂಲಿಕಾರ ಮಂದಿ. ಫ್ಯಾಕ್ಟರ್ಯಾಗ ದುಡಿಯೋ ಹುಡುಗ್ಯಾರಿಗೆ ಅವ್ವ ಅಂದ್ರ ಏನೂ ಬರದಾಕಿ ಅನ್ನಿಸ್ತಿತ್ತು. ಆಡಮ್ಸ್ ಏನ್ ಮಾಡಿದ್ಲಂದ್ರ 1900ರಾಗ ಒಂದು ಲೇಬರ್ ಮ್ಯೂಸಿಯಂ ತೆಗೆದ್ಲು, ಅದೇ ಹೆಂಗಸರನ್ನ ಕರೆದು ಅವರವರ ದೇಶದ ಪದ್ಧತಿಲೆ ನೂಲು ತೆಗಿಯೋದು, ನೇಯೋದು ಮಂದಿ ಮುಂದ ಮಾಡಿ ತೋರಿಸಾಕ ಹಚ್ಚಿದ್ಲು. ಮಕ್ಕಳು ನಿಂತು ನೋಡಿದ್ರು, ನಮ್ಮವ್ವಗ ಇಷ್ಟ ಬರ್ತದನು ಅಂತ. ಭಾಷಣ ಇಲ್ಲ, ಕೌನ್ಸೆಲಿಂಗ್ ಇಲ್ಲ. ನನಗಂತೂ ನಿಮ್ಮ ನಾಲ್ಕು ಬಾಕ್ಸಿಗಿಂತ ಇದು ಛಲೋ ಅನ್ನಿಸ್ತದ.

ಹಳೇಫೈಲು:
ಗಂಗವ್ವನ ಮೊಮ್ಮಗ ಸರಿಯಾಗಿ ಹೇಳಿದ್ರಿ. ಇದಕ್ಕೆ ಸೇರಿಸಿ ಒಂದು, ದಯವಿಟ್ಟು ಮಕ್ಕಳನ್ನ ಇಂಟರ್‌ಪ್ರಿಟರ್ ಮಾಡ್ಬೇಡಿ. ಅಮ್ಮನಿಗೆ ಕ್ಯಾನ್ಸರ್ ಅಂತ ಡಾಕ್ಟರ್ ಹೇಳಿದ್ದನ್ನ ಹತ್ತು ವರ್ಷದ ಮಗ ಅಮ್ಮನಿಗೆ ಹೇಳ್ಬೇಕಾ? ಅಪ್ಪ ಹೊಡೀತಾನಾ ಅಂತ ಅಮ್ಮನನ್ನ ಕೇಳೋ ಪ್ರಶ್ನೆ ಮಗಳ ಬಾಯಿಂದ ಬರ್ಬೇಕಾ? ಗಂಡನನ್ನೂ ಕೂರಿಸ್ಬೇಡಿ, ಪಕ್ಕದ ಮನೆಯವರನ್ನೂ ಕೂರಿಸ್ಬೇಡಿ.

ಹೊಸಹೆಜ್ಜೆ:
ಸರ್ ಹಾಗಿದ್ರೆ ಅದೇ ಸಮುದಾಯದ ಸೋಶಿಯಲ್ ವರ್ಕರ್‌ನ ಹಾಕಿದ್ರೆ ಒಳ್ಳೇದಲ್ವಾ? ಭಾಷೇನೂ ಬರುತ್ತೆ, ರೀತಿ ನೀತಿನೂ ಗೊತ್ತಿರುತ್ತೆ.

ಮಾತುಗಾರ್ತಿ:
ನಾನು ಇಂಟರ್‌ಪ್ರಿಟರ್ ಕೆಲಸ ಮಾಡ್ತೀನಿ, ಇದಕ್ಕೆ ನಾನು ಹೇಳ್ಬಹುದು ಅನ್ಸುತ್ತೆ. ಅದೇ ಸಮುದಾಯ ಅಂದ ತಕ್ಷಣ ನಂಬಿಕೆ ಬಂದೇಬಿಡುತ್ತೆ ಅಂದ್ಕೋಬೇಡಿ. ಹೊಸ ಊರಲ್ಲಿ ಒಂದು ಸಮುದಾಯದೋರು ಅಂದ್ರೆ ಕೆಲವೇ ಮನೆ ಇರ್ಬಹುದು, ಎಲ್ಲರಿಗೂ ಎಲ್ಲರೂ ಗೊತ್ತು. ಇವತ್ತು ಈ ಆಫೀಸಲ್ಲಿ ಹೇಳಿದ್ದು ನಾಳೆ ಮದುವೆ ಮನೇಲಿ ಮಾತಾಗುತ್ತೆ ಅನ್ನೋ ಭಯ ಇರುತ್ತೆ. ಯುದ್ಧದಿಂದ ಓಡಿ ಬಂದೋರಾದ್ರೆ ಇನ್ನೂ ಕಷ್ಟ, ಭಾಷೆ ಒಂದೇ ಆದ್ರೂ ಇಂಟರ್‌ಪ್ರಿಟರ್ ಹೆಸರು ಕೇಳಿದ್ರೇ ಯಾವ ಕಡೆಯೋನು ಅಂತ ಗೊತ್ತಾಗಿಬಿಡುತ್ತೆ, ಬಾಯಿ ಬಿಡೋದೇ ಇಲ್ಲ. ಒಳ್ಳೇ ವರ್ಕರ್ ಮೊದಲೇ ಕ್ಲೈಂಟನ್ನ ಕೇಳ್ತಾರೆ, ನಿಮಗೆ ಯಾವ ಭಾಷೆ, ಯಾವ ಕಡೆ ಮಾತು, ಗಂಡಸು ಬೇಕಾ ಹೆಂಗಸು ಬೇಕಾ, ನಿಮ್ಮ ಊರಿನ ಕಡೆಯೋರು ಆದ್ರೆ ಪರ್ವಾಗಿಲ್ವಾ, ಬೇಡ ಅನ್ಸಿದ್ರೆ ಫೋನಲ್ಲಿ ದೂರದ ಊರಿಂದ ಹೆಸರು ಹೇಳ್ದೆ ಇರೋ ಒಬ್ಬರನ್ನ ಹಾಕ್ತೀವಿ ಅಂತ. ಇಷ್ಟು ಕೇಳಿದ್ರೆ ಅರ್ಧ ಗಂಟು ಬಿಚ್ಚುತ್ತೆ.

ಆಮೇಲೆ ಕೂತಾಗ ನನ್ನ ಮುಖ ನೋಡ್ಕೊಂಡು 'ಅವಳನ್ನ ಕೇಳಿ ಅವಳಿಗೆ ನಿದ್ದೆ ಬರುತ್ತಾ' ಅಂತ ಕೇಳೋರಿದ್ದಾರೆ. ಅವಳು ಅಲ್ಲೇ ಎದುರಿಗೇ ಕೂತಿದಾಳೆ ಕಣ್ರೀ! ಅವಳ ಮುಖ ನೋಡಿ 'ನಿಮಗೆ ನಿದ್ದೆ ಬರುತ್ತಾ' ಅಂತ ಕೇಳಿ, ನಾನು ಅದನ್ನ ಹಂಗೇ ದಾಟಿಸ್ತೀನಿ. ಚಿಕ್ಕ ಚಿಕ್ಕ ವಾಕ್ಯ ಹೇಳಿ ನಿಲ್ಲಿಸಿ. ಅವರು ಐದು ನಿಮಿಷ ಮಾತಾಡಿದ್ದನ್ನ ನಾನು ಒಂದೇ ಮಾತಲ್ಲಿ ಹೇಳಿದ್ರೆ ನನ್ನನ್ನ ತಡೀರಿ, ಬಿಟ್ಟಿದ್ದೇನು ಅಂತ ಕೇಳಿ. ಒಳಗೆ ಹೋಗೋಕೆ ಮುಂಚೆ ವಿಷಯ ಏನು ಅಂತ ನನಗೂ ಸ್ವಲ್ಪ ಹೇಳಿ, ಅತ್ಯಾಚಾರದ ವಿವರ ಹಠಾತ್ತಾಗಿ ಬಂದ್ರೆ ನಾವೂ ಮನುಷ್ಯರೇ. ಮತ್ತೆ ಟೈಮು, ಇಂಟರ್‌ಪ್ರಿಟರ್ ಇದ್ರೆ ಡಬಲ್ ಟೈಮ್ ಬೇಕು. ಅದೇ ಅರ್ಧ ಗಂಟೆ ಸ್ಲಾಟಲ್ಲಿ ಮುಗಿಸಿ ಅಂದ್ರೆ ಆ ಕ್ಲೈಂಟಿಗೆ ಸಿಕ್ಕಿದ್ದು ಬೇರೆಯವರ ಅರ್ಧ ಅಂತ ಲೆಕ್ಕ. ಇದು ನೇರಮಾತು ಅವರ ಒಂದೇ ಕ್ಯೂ ಗಮನಕ್ಕೆ.

ನೇರಮಾತು:
ಆಯ್ತು ತಾಯಿ, ಕ್ಯೂ ಒಂದೇ ಇರ್ಲಿ, ಟೈಮ್ ಜಾಸ್ತಿ ತಗೊಳ್ಳಿ. ಆದ್ರೆ ಒಂದು ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಎಲ್ಲವನ್ನೂ ಕೇಳಿ ಕೇಳಿ ಅಂತೀರಾ, ಹಂಗಿದ್ರೆ ಸಮುದಾಯದ ಬಗ್ಗೆ ಓದ್ಕೊಂಡು ಹೋಗೋದೇ ದಂಡಾನಾ?

ಅರ್ಧಓದು:
ಇದು ಒಳ್ಳೇ ಪ್ರಶ್ನೆ, ಇದರ ಮೇಲೆ ದೊಡ್ಡ ಜಗಳಾನೇ ಇದೆ. 1989ರಲ್ಲಿ ಟೆರ್ರಿ ಕ್ರಾಸ್ ಮತ್ತೆ ಜೊತೆಗಾರರು ಸಾಂಸ್ಕೃತಿಕ ಸಾಮರ್ಥ್ಯ ಅಂತ ಒಂದು ಚೌಕಟ್ಟು ಕೊಟ್ರು, ಅದು ವ್ಯಕ್ತಿಗಿಂತ ಜಾಸ್ತಿ ಸಂಸ್ಥೆಗಳ ಬಗ್ಗೆ ಇತ್ತು, ಆದ್ರೆ ಬರ್ತಾ ಬರ್ತಾ ಅದು ಒಂದು ದಿನದ ಟ್ರೇನಿಂಗು, ಸರ್ಟಿಫಿಕೇಟು, ಈ ಜನ ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ ಆ ಜನ ಕೈ ಕುಲುಕಲ್ಲ ಅನ್ನೋ ಪಟ್ಟಿ ಆಗೋಯ್ತು. 1998ರಲ್ಲಿ ಮೆಲಾನಿ ಟೆರ್ವಲಾನ್, ಜಾನ್ ಮರ್ರೆ ಗಾರ್ಸಿಯಾ ಅನ್ನೋ ಇಬ್ಬರು ಡಾಕ್ಟರುಗಳು ಸಾಂಸ್ಕೃತಿಕ ವಿನಯ ಅಂದ್ರು, ಕಲಿತು ಮುಗಿಸೋ ವಿಷಯ ಅಲ್ಲ ಇದು, ನಿಮ್ಮ ಕೈಲಿರೋ ಅಧಿಕಾರಾನ ನೀವೇ ಆಗಾಗ ಪರೀಕ್ಷೆ ಮಾಡ್ಕೋಬೇಕು ಅಂತ. ನ್ಯೂಜಿಲೆಂಡಿನ ಮಾವೋರಿ ನರ್ಸ್ ಇರಿಹಾಪೆಟಿ ರಾಮ್ಸ್ಡೆನ್ ಇನ್ನೂ ಖಡಕ್ಕಾಗಿ ಹೇಳಿದ್ರು, ಸೇವೆ ಸುರಕ್ಷಿತವಾಗಿತ್ತಾ ಇಲ್ವಾ ಅಂತ ಹೇಳೋದು ಸೇವೆ ತಗೊಂಡೋರು, ಕೊಟ್ಟೋರಲ್ಲ.

ನನ್ನ ಅಭಿಪ್ರಾಯ, ಓದ್ಕೊಂಡು ಹೋಗಿ. ಇತಿಹಾಸ ಓದಿ, ಯಾಕೆ ಓಡಿ ಬಂದ್ರು ಅಂತ ಓದಿ, ಅದನ್ನೂ ಕ್ಲೈಂಟೇ ನಿಮಗೆ ಪಾಠ ಮಾಡ್ಲಿ ಅನ್ನೋದು ಸೋಮಾರಿತನ. ವಿನಯ ಅಂತ ಹೇಳ್ಕೊಂಡು ಖಾಲಿ ತಲೇಲಿ ಹೋಗೋರನ್ನೂ ನೋಡಿದೀವಿ. ಆದ್ರೆ ಓದಿದ್ದು ಒಳ್ಳೇ ಪ್ರಶ್ನೆ ಕೇಳೋಕೆ ಮಾತ್ರ, ಈ ಮನೇಲಿ ಏನ್ ನಡೀತಿದೆ ಅಂತ ಹೇಳೋಕೆ ಅಲ್ಲ.

ಹೊಸಹೆಜ್ಜೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ನೋಟ್ಸಿಗಿಂತ ಜಾಸ್ತಿ ಸಿಕ್ತು. ಕೊನೇದಾಗಿ, ಮೊದಲ ಭೇಟಿಲಿ ಎಲ್ಲಿಂದ ಶುರು ಮಾಡೋದು?

ಹಳೇಫೈಲು:
ಡಯೇನ್ ಡ್ರಾಕ್ಮನ್ 1992ರಲ್ಲಿ ಸೋಶಿಯಲ್ ವರ್ಕ್‌ಗೆ ಅಂತಾನೇ ಮಾಡಿದ ಚೌಕಟ್ಟು ಇದೆ, ಹೊರಡೋಕೆ ಮುಂಚೆ, ದಾರೀಲಿ, ಬಂದ್ಮೇಲೆ ಅಂತ ಮೂರು ಭಾಗ. ನಮ್ಮ ಬಹುತೇಕ ಫಾರ್ಮುಗಳು ಮೂರನೇದನ್ನ ಮಾತ್ರ ಕೇಳ್ತವೆ, ಮನುಷ್ಯ ಏರ್‌ಪೋರ್ಟಲ್ಲೇ ಹುಟ್ಟಿದ ಅನ್ನೋ ಥರ. ಅಲ್ಲಿ ಅವನು ಮೇಷ್ಟ್ರಾಗಿದ್ನಾ, ಇಲ್ಲಿ ಗೋಡೌನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾನಾ? ಕ್ಯಾಂಪಲ್ಲಿ ಎಷ್ಟು ವರ್ಷ ಇದ್ರು? ಯಾರನ್ನ ಬಿಟ್ಟು ಬಂದ್ರು, ಯಾರಿಗೆ ದುಡ್ಡು ಕಳಿಸ್ಬೇಕು? ಇದನ್ನೆಲ್ಲ ಒಂದೇ ದಿನ ಕೇಳಕ್ಕೆ ಹೋಗ್ಬೇಡಿ, ಅದರಲ್ಲೂ ನಿರಾಶ್ರಿತರು ಆಗ್ಲೇ ಹತ್ತು ಕಡೆ ಅಧಿಕಾರಿಗಳ ಮುಂದೆ ಇದೇ ಕಥೆ ಹೇಳಿ, ಒಂದು ತಾರೀಖು ತಪ್ಪಿದ್ರೆ ಸುಳ್ಳು ಅಂತ ಅನ್ನಿಸ್ಕೊಂಡು ಬಂದಿರ್ತಾರೆ. ನೀವು ಇಮಿಗ್ರೇಶನ್‌ನೋರಲ್ಲ, ಇಲ್ಲಿ ಹೇಳಿದ್ದು ಎಲ್ಲಿಗೆ ಹೋಗುತ್ತೆ, ಎಲ್ಲಿಗೆ ಹೋಗಲ್ಲ ಅಂತ ಮೊದಲು ಹೇಳಿ, ಮತ್ತೆ ಅದು ನಿಜಾನೇ ಆಗಿರ್ಲಿ. ಕಾನೂನು ಪ್ರಕಾರ ತಿಳಿಸಲೇಬೇಕಾದ ವಿಷಯ ಇದ್ರೆ ಅದನ್ನೂ ಮುಚ್ಚಿಡ್ಬೇಡಿ.

ಕಾಡುಹೂವು:
ಇದಕ್ಕೆ ಇನ್ನೊಂದು ಸೇರಿಸ್ತೀನಿ. 2013ರ ಡಿಎಸ್ಎಂ-5 (ಮಾನಸಿಕ ಕಾಯಿಲೆ ಗುರುತಿಸೋಕೆ ಅಮೆರಿಕದ ಕೈಪಿಡಿ) ಜೊತೆ ಕಲ್ಚರಲ್ ಫಾರ್ಮ್ಯುಲೇಶನ್ ಇಂಟರ್‌ವ್ಯೂ ಅಂತ 16 ಪ್ರಶ್ನೆ ಬಂತು. ಮಾನಸಿಕ ಆರೋಗ್ಯಕ್ಕೆ ಅಂತ ಮಾಡಿದ್ದು, ಆದ್ರೆ ಸೋಶಿಯಲ್ ವರ್ಕಿಗೂ ಚೆನ್ನಾಗಿ ಹೊಂದುತ್ತೆ. ನಿಮ್ಮ ಮನೆಯೋರಿಗೆ ಈ ತೊಂದರೆ ಬಗ್ಗೆ ನೀವು ಹೆಂಗೆ ಹೇಳ್ತೀರಾ, ಇದು ಯಾಕಾಯ್ತು ಅಂತ ನಿಮಗನ್ಸುತ್ತೆ, ಈ ಥರ ಪ್ರಶ್ನೆಗಳು. ಕೊನೇ ಪ್ರಶ್ನೆ ನಂಗೆ ಬಹಳ ಇಷ್ಟ, ನಾವಿಬ್ಬರೂ ಬೇರೆ ಬೇರೆ ಹಿನ್ನೆಲೆಯೋರು, ನಮ್ಮ ಮಧ್ಯೆ ತಪ್ಪು ತಿಳುವಳಿಕೆ ಆಗ್ಬಹುದು ಅಂತ ನಿಮಗೆ ಅನ್ಸಿದ್ಯಾ ಅಂತ ನೇರವಾಗಿ ಕೇಳೋದು.

ನೇರಮಾತು:
ಇದಕ್ಕೆ ಹೌದು ಅಂತ ಮುಖದ ಮೇಲೆ ಹೇಳೋರು ಯಾರಿದಾರೆ ಮೇಡಂ? ಸಹಾಯ ನಿಮ್ಮ ಕೈಲಿದೆ, ಅವನಿಗೆ ಬೇಕಾಗಿದೆ.

ಮಾತುಗಾರ್ತಿ:
ಹೇಳ್ತಾರೆ, ಮೊದಲ ಸಲ ಅಲ್ಲ. ಮೊದಲ ಸಲ 'ಇಲ್ಲ ಇಲ್ಲ, ನೀವು ತುಂಬಾ ಒಳ್ಳೆಯೋರು' ಅಂತಾರೆ. ಎರಡು ಮೂರು ಭೇಟಿ ಆದ್ಮೇಲೆ, ಅದೂ ಫಾರ್ಮು ಮುಚ್ಚಿಟ್ಟ ಮೇಲೆ, ಒಂದೊಂದೇ ಬರುತ್ತೆ.